ಕೊಳೆಯಬೇಕಾದ ಹುಲ್ಲಿಗೆ ಕಾವಲು

ಹುಲ್ಲು ಕೊಳೆಯುವುದನ್ನು ನೋಡಿಕೊಳ್ಳಲು ಎಷ್ಟು ವಿದ್ಯೆ ಬೇಕು? ಹೆಚ್ಚೇನೂ ಬೇಡ ಎಂದೇ ನಾನು ನಂಬಿದ್ದೆ. ನನ್ನಲ್ಲಾದರೋ ಅಗತ್ಯಕ್ಕಿಂತ ಹೆಚ್ಚೇ ಇತ್ತು. ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಮೂವತ್ತೊಂದು ವರ್ಷ ಆರನೇ ಕ್ಲಾಸಿಗೆ ಜನರಲ್ ಸೈನ್ಸ್ ಕಲಿಸಿದವಳು ನಾನು. ಒದ್ದೆ ಹತ್ತಿಯಲ್ಲಿ ಅವರೆಕಾಳು ಇಟ್ಟು ಮೊಳಕೆ ಬರಿಸುವ ಪ್ರಯೋಗವನ್ನು ಮೂವತ್ತೊಂದು ಸಲ ಮಾಡಿಸಿದ್ದೇನೆ. ನನ್ನ ಕ್ಲಾಸಿನಲ್ಲಿ ಮೊಳಕೆ ಯಾಕೋ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅದು ಕಾಳಿನ ದೋಷ.

ಹೀಗಾಗಿ ಹೋದ ವರ್ಷ ಜನವರಿಯಲ್ಲಿ ಮೇಘನಾ ಬಂದು, "ಮಿಸ್, ನಿಮ್ಮಿಂದ ಒಂದು ಹೆಲ್ಪ್ ಆಗ್ಬೇಕಿತ್ತು" ಎಂದಾಗ, ಏನು ಹೆಲ್ಪ್ ಎಂದು ಕೇಳುವ ಮೊದಲೇ ಒಪ್ಪಿಬಿಟ್ಟೆ.

ಮೇಘನಾ ನನ್ನ ಹಳೆಯ ವಿದ್ಯಾರ್ಥಿನಿ ಸುಮಿತ್ರಳ ಮಗಳು. ಅಮ್ಮನಿಗೆ ಮಿಸ್ ಆದವಳು ಮಗಳಿಗೂ ಮಿಸ್. ಹುಲ್ಲುಗಾವಲಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಊರಾಚೆ ಎಲ್ಲೋ ಅವಳು ಹಾಕಿದ್ದ ಪ್ರಯೋಗಕ್ಕೆ ದನ ನುಗ್ಗಿ ಎಲ್ಲ ತುಳಿದು ಹಾಕಿದ್ದವು. ಅವಳ ಕಣ್ಣು ಬಿದ್ದದ್ದು ಮೈಸೂರಿನ ಶ್ರೀರಾಂಪುರದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನ ಮೇಲೆ. ಸೈಟು ನನ್ನ ನಾದಿನಿಯದು. ಸುತ್ತ ತಂತಿಬೇಲಿ, ಗೇಟಿನ ಕೀ ನನ್ನ ಹತ್ತಿರ, ಒಳಗೆ ಪೂರ್ತಿ ಹುಲ್ಲು. ನಮ್ಮ ಬೀದಿಯಲ್ಲಿ ಉಳಿದಿರುವ ಕೊನೆಯ ಹುಲ್ಲು ಅದೇ. ನಾನು ಹುಡುಗಿಯಾಗಿದ್ದಾಗ ಕಾನ್ವೆಂಟಿನ ಪಿಕ್‌ನಿಕ್ಕಿಗೆ ನಮ್ಮನ್ನು ಸಾಲಾಗಿ ಈ ಕಡೆಗೇ ನಡೆಸಿಕೊಂಡು ಬರುತ್ತಿದ್ದರು. ಆಗ ಇಲ್ಲಿ ಮನೆಗಳೇ ಇರಲಿಲ್ಲ. ಹೆಜ್ಜೆಗೊಂದು ಮಿಡತೆ ಹಾರುತ್ತಿತ್ತು. ವಾಪಸ್ಸು ಹೋಗುವಾಗ ಬಿಳಿ ಸಾಕ್ಸಿನ ತುಂಬ ಹುಲ್ಲಿನ ಬೀಜ ಚುಚ್ಚಿಕೊಂಡು, ಅದನ್ನು ಒಂದೊಂದಾಗಿ ಕೀಳುತ್ತ ಸಂಜೆಯ ಪ್ರೇಯರ್ ಕಳೆಯುತ್ತಿದ್ದೆವು. ಈಗ ಆ ಹುಲ್ಲೆಲ್ಲ ಒಂದು ಸೈಟಿನಲ್ಲಿ ಬಂದು ನಿಂತಿದೆ.

"ವಿಷಯ ಇಷ್ಟೇ ಮಿಸ್" ಎಂದಳು ಮೇಘನಾ, ಕಾಫಿ ಕುಡಿಯುತ್ತ. "ಕಾಡಲ್ಲಿ ಎಲೆ ಬಿದ್ರೆ ಬ್ಯಾಕ್ಟೀರಿಯಾ, ಫಂಗಸ್ಸು, ಹುಳ ಎಲ್ಲ ತಿಂದು ಮಣ್ಣು ಮಾಡ್ತವೆ. ಅಲ್ಲಿ ನೆರಳು. ಹುಲ್ಲುಗಾವಲಲ್ಲಿ ನೇರ ಬಿಸಿಲು. ಬಿಸಿಲಲ್ಲಿರೋ ಅಲ್ಟ್ರಾವಯಲೆಟ್ ಕಿರಣ ಒಣಹುಲ್ಲನ್ನ ತಾನೇ ಒಡೆದು ಮೆತ್ತಗೆ ಮಾಡುತ್ತೆ. ಆದ್ರೆ ಅದೇ ಕಿರಣ, ಹುಲ್ಲನ್ನ ತಿನ್ನೋಕೆ ಬರೋ ಸೂಕ್ಷ್ಮಜೀವಿಗಳನ್ನ ಸುಟ್ಟೂ ಹಾಕುತ್ತೆ. ಹಾಗಾದ್ರೆ ಒಟ್ಟಾರೆ ಹುಲ್ಲು ಬೇಗ ಕೊಳೆಯುತ್ತಾ, ನಿಧಾನವಾಗಾ? ಅದು ನನ್ನ ಪ್ರಶ್ನೆ."

"ನಮ್ಮತ್ತೆ ಥರ ಅನ್ನು" ಎಂದೆ. "ತರಕಾರಿ ಎಲ್ಲ ತಾವೇ ಹೆಚ್ಚಿಡ್ತಿದ್ರು. ಆದ್ರೆ ಅಡುಗೆಮನೆ ಒಳಗೆ ಯಾರನ್ನೂ ಬಿಡ್ತಿರಲಿಲ್ಲ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಆಂಟನಿ, ಪೇಪರಿನ ಹಿಂದಿನಿಂದಲೇ, "ನಮ್ಮಮ್ಮನ ವಿಷಯ ಸೈನ್ಸಿಗೆ ಯಾಕೆ?" ಎಂದರು. ಆದರೆ ಮೇಘನಾ, "ಎಕ್ಸಾಕ್ಟ್ಲಿ ಮಿಸ್!" ಎಂದಳು. ಮೂವತ್ತೊಂದು ವರ್ಷದ ಸರ್ವೀಸ್ ಸಾರ್ಥಕವಾಯಿತು.

ಮರುದಿನ ಬಂದು ಸೈಟಿನ ಮುಂಭಾಗದಲ್ಲಿ ಮೊಣಕಾಲೆತ್ತರದ ನಾಲ್ಕು ಚೌಕಟ್ಟು ನಿಲ್ಲಿಸಿದಳು. ಒಂದೊಂದರ ಮೇಲೂ ಗಾಜಿನಂಥ ಪ್ಲಾಸ್ಟಿಕ್ ಶೀಟು. ಎರಡು ಶೀಟು ಅಲ್ಟ್ರಾವಯಲೆಟ್ಟನ್ನು ತಡೆಯುವಂಥವು, ಎರಡು ಬಿಡುವಂಥವು. ಕಣ್ಣಿಗೆ ನಾಲ್ಕೂ ಒಂದೇ. ಗುರುತಿಗೆ ಮೂಲೆಯಲ್ಲಿ ಮಾರ್ಕರ್ ಪೆನ್ನಿನಿಂದ ಎ, ಬಿ ಎಂದು ಬರೆದಿದ್ದಳು. ಶೀಟಿನ ತುಂಬ ಸಣ್ಣ ತೂತುಗಳು. ಅವು ಗಾಳಿಗೆ ಇರಬೇಕೆಂದುಕೊಂಡು ನಾನು ಕೇಳಲಿಲ್ಲ. ಪ್ರತಿ ಚೌಕಟ್ಟಿನ ಕೆಳಗೆ ಕರ್ಚೀಫಿನಗಲದ ಆರು ನೆಟ್ ಚೀಲ, ಒಳಗೆ ತೂಕ ಮಾಡಿ ಹಾಕಿದ ಒಣಹುಲ್ಲು, ಒಂದೊಂದಕ್ಕೂ ನಂಬರಿನ ತಗಡಿನ ಬಿಲ್ಲೆ. ಮೇ ತಿಂಗಳಲ್ಲಿ ಎತ್ತಿ ಮತ್ತೆ ತೂಗುವುದು. ಎಷ್ಟು ಕಮ್ಮಿಯಾಗಿದೆಯೋ ಅಷ್ಟು ಕೊಳೆತಿದೆ ಎಂದು ಅರ್ಥ.

"ಜೂನ್‌ಗೆ ನನ್ನ ಫೆಲೋಶಿಪ್ ಮುಗಿಯುತ್ತೆ ಮಿಸ್. ಇದು ಹಾಳಾದ್ರೆ ಇನ್ನೊಂದು ಬೇಸಿಗೆ ಕಾಯ್ಬೇಕು. ಅಷ್ಟು ಟೈಮ್ ಇಲ್ಲ."

"ನಾನಿರುವಾಗ ಹಾಳಾಗೋದಾ? ನಾನು ಏನೇನು ಮಾಡ್ಬೇಕು ಹೇಳು. ಬರ್ಕೋತೀನಿ."

"ಏನೂ ಮಾಡ್ಬೇಡಿ ಮಿಸ್."

"ಆಮೇಲೆ?"

"ಅಷ್ಟೇ. ಏನೂ ಮಾಡ್ಬೇಡಿ."

ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದು ಕೆಳಗೆ ಗೆರೆ ಎಳೆದೆ. ಎಂಥ ಸುಲಭದ ಕೆಲಸ!

ಮೇಘನಾ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು. ಚೌಕಟ್ಟುಗಳ ಮುಂದೆ ಎರಡು ನಿಮಿಷ ನಿಂತು, ಸೈಟಿನ ಹಿಂಭಾಗದ ಆಳೆತ್ತರದ ಹುಲ್ಲಿನೊಳಗೆ ಹೋಗಿ ಹತ್ತು ನಿಮಿಷ ಕಾಣೆಯಾಗುತ್ತಿದ್ದಳು. ಹೆಣ್ಣುಮಕ್ಕಳ ಕಷ್ಟ ನನಗೆ ಗೊತ್ತಿಲ್ಲವೇ? ಕಾನ್ವೆಂಟಿನಲ್ಲಿ ಸಿಸ್ಟರ್ ಬೆನೆಡಿಕ್ಟಾ ಕಲಿಸಿದ ಡೀಸೆನ್ಸಿಯಂತೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಆಂಟನಿಗೂ ತಿರುಗಿಸಿಕೊಳ್ಳಲು ಹೇಳುತ್ತಿದ್ದೆ. ಒಮ್ಮೆ ತಡೆಯಲಾರದೆ, "ಮಗಾ, ನಮ್ಮ ಬಾತ್‌ರೂಮು ಯಾವಾಗ್ಲೂ ಖಾಲೀನೇ ಇರುತ್ತೆ" ಎಂದೆ. ಅವಳು ಅರ್ಥವಾಗದವಳಂತೆ ನೋಡಿ, "ಥ್ಯಾಂಕ್ಸ್ ಮಿಸ್" ಎಂದು ಹೋದಳು. ನಾಚಿಕೆಯ ಹುಡುಗಿ.

ಮೊದಲ ಒಂದು ತಿಂಗಳು ನಾನು ಏನೂ ಮಾಡಲಿಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ಏನೂ ಮಾಡದೆ ಬಂದೆ. ಓದುಗರು ಇದನ್ನು ಸಾಮಾನ್ಯವೆಂದು ತಿಳಿಯಬಾರದು. ಕೈ ಖಾಲಿಯಿದ್ದ ಹುಡುಗಿಯರನ್ನು ಕಂಡರೆ ಸಿಸ್ಟರ್ ಬೆನೆಡಿಕ್ಟಾ ತಕ್ಷಣ ಒಂದು ಡಸ್ಟರ್ ಕೊಡುತ್ತಿದ್ದರು. ಆ ಡಸ್ಟರನ್ನು ನಾನು ಇವತ್ತಿಗೂ ಕೆಳಗಿಟ್ಟಿಲ್ಲ.

ಬೂದಿ ಬುಧವಾರ ಬಂತು. ಚರ್ಚಿನಲ್ಲಿ ಫಾದರ್ ಹಣೆಗೆ ಬೂದಿಯಿಟ್ಟು, ಮನುಷ್ಯರೆಲ್ಲ ಕೊನೆಗೆ ಮಣ್ಣಿಗೇ ಸೇರಬೇಕಾದವರು ಎಂದು ನೆನಪಿಸಿದರು. ಈಸ್ಟರಿನವರೆಗಿನ ತಪಸ್ಸುಕಾಲಕ್ಕೆ ಇಷ್ಟವಾದದ್ದು ಏನಾದರೂ ಬಿಡಬೇಕಲ್ಲ? ನಾನು ಬೇರೆಯವರ ಕೆಲಸದಲ್ಲಿ ಕೈ ಹಾಕುವುದನ್ನು ಬಿಡುತ್ತೇನೆಂದು ಬೆಂಚಿನಲ್ಲೇ ಪ್ರತಿಜ್ಞೆ ಮಾಡಿದೆ. ಮನೆಗೆ ಬಂದು ಬೇಲಿಯಾಚೆ ನೋಡುತ್ತೇನೆ, ಶೀಟುಗಳ ಮೇಲೆ ಒಂದು ಪದರ ಧೂಳು! ಹಿಂದಿನ ರಸ್ತೆಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಬಿಸಿಲಿನ ಪ್ರಯೋಗ ಅಂತೆ, ಶೀಟಿನ ಮೇಲೆ ಇಷ್ಟು ಧೂಳಿದ್ದರೆ ಬಿಸಿಲು ಇಳಿಯುವುದಾದರೂ ಹೇಗೆ? ಇದು ಕೈ ಹಾಕುವುದಲ್ಲ, ಕಾಪಾಡುವುದು ಎಂದು ತೀರ್ಮಾನಿಸಿದೆ.

ನಾಲ್ಕೂ ಶೀಟುಗಳನ್ನು ಕಳಚಿ ತಂದು, ನಲ್ಲಿಯ ಕೆಳಗೆ ಪಾತ್ರೆ ಸೋಪು ಹಾಕಿ ಉಜ್ಜಿದೆ. ಬೆಳ್ಳಗೆ ಫಳಫಳ ಹೊಳೆದವು. ಕಾಂಪೌಂಡಿಗೆ ಒರಗಿಸಿ ಒಣಗಿಸಿ, ವಾಪಸ್ಸು ಹಾಕಲು ಎತ್ತಿದಾಗ ಮೂಲೆಯಲ್ಲಿ ಎ ಇಲ್ಲ. ಬಿ ಇಲ್ಲ. ಮಾರ್ಕರ್ ಪೆನ್ನೂ ಧೂಳಿನ ಜೊತೆ ಮಣ್ಣಿಗೆ ಸೇರಿತ್ತು.

ಆಂಟನಿಯನ್ನು ಕರೆದೆ. ರೈಲ್ವೆಯಲ್ಲಿದ್ದು ರಿಟೈರಾದವರು, ಗಾಬರಿಯಾಗುವವರಲ್ಲ.

"ಸೋಪ್ ಹಾಕಿ ಉಜ್ಜಿದ್ಯಾ?"

"ಗಟ್ಟಿಯಾಗಿ."

"ನಿನಗೆ ಏನೂ ಮಾಡ್ಬೇಡಿ ಅಂದಿದ್ಲಲ್ಲ ಕಣೇ."

"ಅದನ್ನ ಆಮೇಲೆ ಹೇಳಿ. ಈಗ ಯಾವುದು ಯಾವುದು ಅಂತ ಹೇಳಿ."

ಅವರು ಯೋಚಿಸಿ, ಮೂಗಿನ ಮೇಲಿನ ಕನ್ನಡಕ ಮುಟ್ಟಿ ತೋರಿಸಿದರು. ಬಿಸಿಲಿಗೆ ಹೋದರೆ ತಾನೇ ಕಪ್ಪಾಗುವ ಕನ್ನಡಕ ಅದು. "ಅಂಗಡಿಯವನು ಹೇಳಿದ್ದ, ಇದು ಕಪ್ಪಾಗೋದು ಬರೀ ಬೆಳಕಿಗಲ್ಲ, ಅಲ್ಟ್ರಾವಯಲೆಟ್‌ಗೆ ಅಂತ. ಅದಕ್ಕೇ ಕಾರೊಳಗೆ ಕೂತ್ರೆ ಕಪ್ಪಾಗಲ್ಲ. ಶೀಟ್ ಕೆಳಗಿಡೋಣ. ಕಪ್ಪಾದ್ರೆ ಬಿಡೋ ಶೀಟು, ಆಗದಿದ್ರೆ ತಡೆಯೋ ಶೀಟು."

ನಲವತ್ತಾರು ವರ್ಷದ ಸಂಸಾರದಲ್ಲಿ ನಾನು ಅವರನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದಿಲ್ಲ. ಶೀಟುಗಳನ್ನು ಚೌಕಟ್ಟುಗಳ ಮೇಲಿಟ್ಟು, "ಕೊಡಿ ಕನ್ನಡಕ" ಎಂದೆ.

"ತೆಗೆದ್ರೆ ನನಗೇನೂ ಕಾಣಲ್ಲ. ಹೋದ ಸಲ ನೀನು ಅದರ ಮೇಲೆ ಕೂತಿದ್ದೆ. ಕನ್ನಡಕ ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೇ ಹೋಗ್ತೀನಿ."

ಹೀಗಾಗಿ ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ, ಎಪ್ಪತ್ತೈದು ವರ್ಷದ ಆಂಟನಿ, ಹಣೆಯ ಮೇಲೆ ಬೂದಿ, ಖಾಲಿ ಸೈಟಿನಲ್ಲಿ ಅಂಗಾತ ಮಲಗಿ ಚೌಕಟ್ಟಿನ ಕೆಳಗೆ ತಲೆ ತೂರಿಸಿದರು. ಪಕ್ಕದಲ್ಲಿ ನಾನು ಮಂಡಿಯೂರಿ ಅವರ ಮುಖವನ್ನೇ ದಿಟ್ಟಿಸುತ್ತಿದ್ದೆ.

"ಅಯ್ಯೋ ಸ್ಟೆಲ್ಲಾ ಅವರೇ!" ಎಂದು ಮೇಲಿನಿಂದ ಕೂಗು ಬಂತು. ಪಕ್ಕದ ಮನೆಯ ಸರೋಜಮ್ಮ, ಲಕ್ಷ್ಮೀಪುರಂನಿಂದ ಬಂದು ಹತ್ತು ವರ್ಷದಿಂದ ನಮ್ಮ ನೆರೆಯಲ್ಲಿರುವವರು, ತಾರಸಿಯ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಏನಾಯ್ತ್ರೀ ಯಜಮಾನ್ರಿಗೆ? ಆಂಬುಲೆನ್ಸ್ ಕರೀಲಾ?"

"ಏನೂ ಇಲ್ಲ ಸರೋಜಮ್ಮಾ, ಕಪ್ಪಾಗ್ತಾರಾ ಅಂತ ನೋಡ್ತಿದೀನಿ!"

ಸರೋಜಮ್ಮ ಇನ್ನಷ್ಟು ಬಗ್ಗಿ ನೋಡಿ, "ಅವರು ಮೊದಲೇ ಹಂಗೇ ಇದ್ರಲ್ಲ ಕಣ್ರೀ" ಎಂದರು.

ಉಪಾಯ ಮಾತ್ರ ಫಲಿಸಿತು! ಎರಡು ಶೀಟಿನ ಕೆಳಗೆ ಆಂಟನಿ ಸಿನಿಮಾ ಹೀರೋನಂತೆ ಕಪ್ಪು ಕನ್ನಡಕ ಧರಿಸಿದರು. ಇನ್ನೆರಡರ ಕೆಳಗೆ ಆಂಟನಿಯಾಗಿಯೇ ಉಳಿದರು. ನಾನು ಹೆಮ್ಮೆಯಿಂದ ಮತ್ತೆ ಎ, ಬಿ ಬರೆದೆ. ಬೆನ್ನಿನ ಹುಲ್ಲು ಕೊಡವಿಕೊಳ್ಳುತ್ತ ಎದ್ದ ಆಂಟನಿ ಕೇಳಿದರು, "ಸರಿ, ಯಾವ ಶೀಟು ಗೊತ್ತಾಯ್ತು. ಮೊದಲು ಯಾವ ಚೌಕಟ್ಟಿನ ಮೇಲೆ ಯಾವುದಿತ್ತು?"

ನೋಟ್‌ಬುಕ್ಕು ತೆರೆದು ನೋಡಿದೆ. ಅದರಲ್ಲಿದ್ದದ್ದು ಅದೊಂದೇ ಸಾಲು.

ಕೊನೆಗೆ ಎಡಗಡೆ ಎರಡಕ್ಕೆ ಎ, ಬಲಗಡೆ ಎರಡಕ್ಕೆ ಬಿ ಹಾಕಿದೆ. ನೋಡಲು ನೀಟಾಗಿತ್ತು. ಮುಂದಿನ ಸಲ ಮೇಘನಾ ಬಂದಾಗ ಚೌಕಟ್ಟುಗಳನ್ನು ನೋಡಿ, "ತುಂಬ ಕ್ಲೀನಾಗಿದೆಯಲ್ಲ ಮಿಸ್" ಎಂದಳು. "ಮಳೆಗಿಳೆ ಬಂದಿರ್ಬೇಕು" ಎಂದೆ. ಫೆಬ್ರವರಿಯಲ್ಲಿ! ಅವಳು ಹಿಂದಿನ ಹುಲ್ಲಿಗೆ ಹೋದಳು. ನಾನು ಮುಖ ತಿರುಗಿಸಿಕೊಂಡೆ. ಈ ಸಲ ನಾಚಿಕೆ ನನ್ನದು.

ಈಸ್ಟರ್ ಕಳೆಯಿತು. ಪ್ರತಿಜ್ಞೆಯ ಕಾಲವೂ ಮುಗಿದಿತ್ತು ಎನ್ನುವುದನ್ನು ಗಮನಿಸಬೇಕು. ಏಪ್ರಿಲ್ಲಿನ ಒಂದು ಮಧ್ಯಾಹ್ನ ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು ತರಕಾರಿಯವನಿಗೆ ಕಾಯುತ್ತಿದ್ದೆ. ಚಾಮುಂಡಿ ಬೆಟ್ಟದ ಕಡೆ ಕಪ್ಪಗಾಯಿತು, ಗಾಳಿ ಬೀಸಿತು, ತೊಟ್ಟು ತೊಟ್ಟಾಗಿ ಶುರುವಾಯಿತು. ತಾರಸಿಯಿಂದ ಸರೋಜಮ್ಮ ಕಿರುಚಿದರು: "ಮಳೆ ಬಂತೂ ರೀ! ಒಣಗಾಕಿರೋದನ್ನೆಲ್ಲ ಎತ್ಕೊಳ್ರೀ!"

ಮೈಸೂರಿನ ಹೆಂಗಸಿಗೆ ಏಪ್ರಿಲ್ಲಿನಲ್ಲಿ ಈ ಕೂಗು ಕೇಳಿಸಿದರೆ ಬುದ್ಧಿ ನಿಲ್ಲುತ್ತದೆ, ಕಾಲು ಓಡುತ್ತದೆ. ಸಂಡಿಗೆಯೋ, ಹಪ್ಪಳವೋ, ಮೆಣಸಿನಕಾಯೋ, ಹಾಸಿಗೆಯೋ, ಯಾರ ಮನೆಯದೋ, ಯಾರೂ ಕೇಳುವುದಿಲ್ಲ. ಬಿಸಿಲಿನಲ್ಲಿದ್ದದ್ದು ಒಳಗೆ ಬರಬೇಕು. ನನ್ನದು ಏನಿತ್ತು ಬಿಸಿಲಿನಲ್ಲಿ? ಮೇಘನಾಳ ಹುಲ್ಲು! ಮಗುವಿನ ಹುಲ್ಲು ನೆನೆದುಹೋಗುತ್ತದಲ್ಲ!

ಗೇಟು ತೆರೆದು ಓಡಿದೆ. ಸರೋಜಮ್ಮ ತಮ್ಮ ಅರಳು ಸಂಡಿಗೆಯ ಮೊರವನ್ನು ಒಳಗೆ ಎಸೆದು, ನನ್ನ ಸಹಾಯಕ್ಕೆ ಧಾವಿಸಿದರು. ಅಂಥ ನೆರೆಯವರು ಸಿಗಲು ಪುಣ್ಯ ಮಾಡಿರಬೇಕು. ಇಪ್ಪತ್ತನಾಲ್ಕು ಚೀಲವನ್ನೂ ಟವೆಲಿನಲ್ಲಿ ಕಟ್ಟಿ ಒಳಗೆ ತಂದು ಹಾಕಿದೆವು.

"ಏನ್ರೀ ಇದು, ಬೂಷ್ಟು ಬಂದುಬುಟ್ಟಿದೆ" ಎಂದರು ಸರೋಜಮ್ಮ, ಒಂದನ್ನು ಮೂಸಿ.

ನಿಜ. ರಾತ್ರಿಯ ಇಬ್ಬನಿಗೋ ಏನೋ, ಚೀಲಗಳ ಅಡಿಯಲ್ಲಿ ಆಗಲೇ ಬಿಳಿ ಎಳೆಗಳು ಬಲೆಯಂತೆ ಹಬ್ಬಿದ್ದವು. ಸಾಸಿವೆಗಿಂತ ಸಣ್ಣ ಹುಳಗಳು ಪುಟಪುಟ ನೆಗೆಯುತ್ತಿದ್ದವು. ಥೀಸಿಸ್ಸಿಗೆ ಹೋಗಬೇಕಾದ ವಸ್ತು ಈ ಸ್ಥಿತಿಯಲ್ಲಿ! ಹಳೆಯ ಟೂತ್‌ಬ್ರಷ್ ತಂದು ಒಂದೊಂದು ಚೀಲವನ್ನೂ ಶುದ್ಧವಾಗಿ ಉಜ್ಜಿದೆವು. ಆಮೇಲೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದೆವು. ಎರಡು ಚೀಲ ಸ್ವಲ್ಪ ಹೆಚ್ಚೇ ಬೆಚ್ಚಗಾಗಿ ಅಂಚು ಮುದುರಿಕೊಂಡವು. ಮಳೆ ನಿಂತ ಮೇಲೆ ವಾಪಸ್ಸು ಜೋಡಿಸಲು ಹೋದಾಗ ನೆನಪಾಯಿತು, ಮೊದಲು ಅವು ಅಡ್ಡಾದಿಡ್ಡಿ ಇದ್ದವು. ಏಳರ ಪಕ್ಕ ಹತ್ತೊಂಬತ್ತು, ಅದರ ಪಕ್ಕ ಮೂರು. ಪಾಪ, ಅವಸರದಲ್ಲಿ ಹಾಕಿರಬೇಕು. ನಾನು ಅಟೆಂಡೆನ್ಸ್ ರಿಜಿಸ್ಟರಿನಂತೆ ಒಂದರಿಂದ ಇಪ್ಪತ್ತನಾಲ್ಕರವರೆಗೆ ಸಾಲಾಗಿ ಇಟ್ಟೆ.

ಕೈ ತೊಳೆದುಕೊಂಡು ಬಂದು ಆಂಟನಿಗೆ ಎಲ್ಲ ಹೇಳಿದೆ. ಅವರು ಪೇಪರ್ ಮಡಿಸಿಟ್ಟರು. ಅದು ಯಾವಾಗಲೂ ಕೆಟ್ಟ ಲಕ್ಷಣ.

"ಸ್ಟೆಲ್ಲಾ, ಆ ಹುಲ್ಲು ಏನಾಗ್ಬೇಕಿತ್ತು?"

"ಕೊಳೀಬೇಕಿತ್ತು."

"ಕೊಳೆಯೋಕೆ ಏನ್ ಬೇಕು?"

ಶೀಟಿನ ತೂತುಗಳು ಯಾಕಿದ್ದವು ಎಂದು ಆಗ ಹೊಳೆಯಿತು. ಬಿಸಿಲು ಒಡೆದಿಟ್ಟ ಹುಲ್ಲಿಗೆ ಮೊದಲ ಮಳೆ ಬೀಳುವ ಗಳಿಗೆಗಾಗಿ ಆ ಹುಡುಗಿ ಮೂರು ತಿಂಗಳು ಕಾದಿದ್ದಳು. ಆ ಬಿಳಿ ಎಳೆಗಳು, ಆ ನೆಗೆಯುವ ಚುಕ್ಕೆಗಳು, ಅವೇ ಊಟಕ್ಕೆ ಬಂದ ಅತಿಥಿಗಳು. ಅವರನ್ನು ನಾನು ಟೂತ್‌ಬ್ರಷ್ಷಿನಿಂದ ಹೊಡೆದಟ್ಟಿ, ಊಟವನ್ನು ಕಾವಲಿಯ ಮೇಲೆ ಹುರಿದಿದ್ದೆ.

ಮೇಘನಾ ಬರುವುದು ಶನಿವಾರ. ನಡುವೆ ಮೂರು ದಿನ. ನಿದ್ದೆಯಿಲ್ಲ, ಕಾಫಿಗೆ ರುಚಿಯಿಲ್ಲ. ನನ್ನ ಹತ್ತಿರ ಅವಳಿಗೆ ಕೊಡಲು ಇನ್ನೊಂದು ಬೇಸಿಗೆ ಎಲ್ಲಿಂದ ಬರಬೇಕು? ಶುಕ್ರವಾರ ಚರ್ಚಿಗೆ ಹೋಗಿ ಪಾಪನಿವೇದನೆಗೆ ಮಂಡಿಯೂರಿದೆ. ಫಾದರ್ ಎಲ್ಲ ಕೇಳಿಸಿಕೊಂಡರು. ಜಾಲರಿಯಾಚೆ ಅವರು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. "ಮಾಡಬೇಕಾದ್ದನ್ನ ಮಾಡಲಿಲ್ಲ ಅಂತ ಜನ ಬರ್ತಾರಮ್ಮ. ಮಾಡಬೇಡಿ ಅಂದಿದ್ದನ್ನ ಇಷ್ಟು ಶ್ರದ್ಧೆಯಿಂದ ಮಾಡಿದವರು ಕಮ್ಮಿ. ಮೊದಲು ಆ ಹುಡುಗಿಗೆ ನಿಜ ಹೇಳಿ. ಆಮೇಲೆ ಒಂದು ಇಡೀ ದಿನ ಏನೂ ಮಾಡದೆ ಕೂತ್ಕೊಳ್ಳಿ."

ಉಪವಾಸವನ್ನಾದರೂ ಹೇಳಬಾರದಿತ್ತೇ!

ಶನಿವಾರ ಗೇಟಿನಲ್ಲೇ ಮೇಘನಾಳ ಕೈ ಹಿಡಿದು ಎಲ್ಲ ಹೇಳಿದೆ. ಸೋಪು, ಕನ್ನಡಕ, ಎಡಬಲ, ಟೂತ್‌ಬ್ರಷ್ಷು, ಕಾವಲಿ, ರೋಲ್ ನಂಬರು. ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತೂಬಿಟ್ಟೆ. ಅವಳು ಬಗ್ಗಿ ಅಂಚು ಸುಟ್ಟ ಚೀಲವೊಂದನ್ನು ಎತ್ತಿದಳು, ತಿರುಗಿಸಿ ನೋಡಿದಳು. ಭುಜ ನಡುಗತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ಅವಳು ನಗುತ್ತಿದ್ದಳು!

"ಬನ್ನಿ ಮಿಸ್" ಎಂದು ನನ್ನನ್ನು ಸೈಟಿನ ಹಿಂಭಾಗಕ್ಕೆ, ಆ ಆಳೆತ್ತರದ ಹುಲ್ಲಿನೊಳಗೆ ಕರೆದುಕೊಂಡು ಹೋದಳು. ಹುಲ್ಲು ಸರಿಸಿದರೆ ಒಂದು ಬಯಲು. ಅಲ್ಲಿ ಇನ್ನೂ ಎಂಟು ಚೌಕಟ್ಟುಗಳು. ಎಲ್ಲ ಶೀಟಿನ ಮೇಲೂ ಒಂದೇ ಸಮ ಧೂಳು, ಮಳೆಯ ಕಲೆ.

"ಇವು ನಂದು" ಎಂದಳು. "ಮುಂದಿನ ನಾಲ್ಕು ಎಕ್ಸ್‌ಟ್ರಾ. ಅಂದ್ರೆ... ನಿಮಗೆ."

"ನನಗೆ?"

"ಅಮ್ಮ ಹೇಳಿದ್ಲು. 'ಮಿಸ್ ಚಿನ್ನದಂಥವರು, ಆದ್ರೆ ಅವರ ಕೈಗೆ ಏನಾದ್ರೂ ಕೊಟ್ಟಿರು ಕಣೇ, ಇಲ್ದಿದ್ರೆ ಎಲ್ಲಾನೂ ಮುಟ್ತಾರೆ' ಅಂತ. ನೀವು ಕ್ಲಾಸಲ್ಲಿ ಅವರೆಕಾಳು ಮೊಳಕೆ ಬಂತಾ ಅಂತ ದಿನಾ ಬೆಳಗ್ಗೆ ಒಂದೊಂದನ್ನೂ ಹತ್ತಿಯಿಂದ ಎತ್ತೆತ್ತಿ ನೋಡ್ತಿದ್ರಂತಲ್ಲ? ಅಮ್ಮ ಕೊನೆಗೆ ಬೆಂಚ್ ಕೆಳಗೆ ಇನ್ನೊಂದು ಡಬ್ಬಿ ಬಚ್ಚಿಟ್ಟು ಬೆಳೆಸಿದ್ಲಂತೆ."

ಆ ವರ್ಷ ಸುಮಿತ್ರಳ ಮೊಳಕೆಗೆ ನಾನೇ ಫಸ್ಟ್ ಪ್ರೈಜ್ ಕೊಟ್ಟಿದ್ದೆ.

ಮೇಘನಾ ಒಂದು ಶೀಟಿನ ಕೆಳಗಿನ ಚೀಲದ ಅಂಚನ್ನು ಸ್ವಲ್ಪವೇ ಎತ್ತಿ ತೋರಿಸಿದಳು. ಹುಲ್ಲು ಕಂದಾಗಿ, ಮೆತ್ತಗಾಗಿ, ಅರ್ಧ ಮಣ್ಣಿನ ಬಣ್ಣ ತಾಳಿತ್ತು. ಬಿಳಿ ಎಳೆಗಳು ನಿಧಾನವಾಗಿ ತಮ್ಮ ಕೆಲಸ ಮಾಡುತ್ತಿದ್ದವು. ಒಂದು ಪುಟ್ಟ ಹುಳ ನೆಗೆದು ನನ್ನ ಚಪ್ಪಲಿಯ ಮೇಲೆ ಕೂತಿತು. ಪಿಕ್‌ನಿಕ್ಕಿನ ದಿನಗಳ ಆ ಹಸಿ ವಾಸನೆ ಬಂತು. ಯಾರೂ ಏನೂ ಮಾಡದಿದ್ದರೆ ಇಷ್ಟೆಲ್ಲ ಆಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆದು ಗೆರೆಯನ್ನೂ ಎಳೆದಿದ್ದೆ.

ಹೋದ ವಾರ ಮೇಘನಾ ಬೈಂಡ್ ಮಾಡಿಸಿದ ಥೀಸಿಸ್ ತಂದುಕೊಟ್ಟಳು. ಬೇಸಿಗೆಯಲ್ಲಿ ಬಿಸಿಲು ತರಕಾರಿ ಹೆಚ್ಚಿಟ್ಟದ್ದರಿಂದ ಮಳೆ ಬಂದಾಗ ಅತಿಥಿಗಳ ಊಟ ಬೇಗ ಮುಗಿಯಿತಂತೆ. ಅತ್ತೆಯವರಿಂದ ಒಟ್ಟಿನಲ್ಲಿ ಲಾಭವೇ. ಆಂಟನಿಗೆ ಪರಮಾನಂದ. ಅದಕ್ಕಿಂತ ಹೆಚ್ಚಿನ ಆನಂದ, ಕೃತಜ್ಞತೆಯ ಪುಟದಲ್ಲಿ ಅವರ ಕನ್ನಡಕಕ್ಕೆ ವಿಶೇಷ ಧನ್ಯವಾದವಿತ್ತು! ನಾನು ಪುಟವನ್ನು ಎರಡು ಸಲ ಓದಿದೆ. ನನ್ನ ಹೆಸರಿರಲಿಲ್ಲ.

"ನೀನೂ ಇದೀಯ ಕಣೇ, ಇಲ್ಲಿ ನೋಡು" ಎಂದು ಆಂಟನಿ ಕೊನೆಯ ಪುಟಗಳಲ್ಲಿ ಒಂದು ಸಾಲು ತೋರಿಸಿದರು. ಲೆಕ್ಕದಿಂದ ಕೈಬಿಟ್ಟ ಪ್ಲಾಟುಗಳು ಯಾವುವು, ಅವು ಹಾಳಾಗಲು ಕಾರಣವೇನು ಎಂಬ ವಿವರ. ಕಾರಣಗಳು: ದನ, ಗೆದ್ದಲು, ಇತ್ಯಾದಿ.

"ಹೆಸರು ಹಾಕಿದ್ರೆ ನಿಮಗೆ ಮುಜುಗರ ಆಗುತ್ತೆ ಅಂತ ಮಿಸ್" ಎಂದಳು ಮೇಘನಾ.

ಮೂವತ್ತೊಂದು ವರ್ಷ ಸೈನ್ಸ್ ಕಲಿಸಿದವಳು ಕೊನೆಗೂ ಸೈನ್ಸಿನೊಳಗೆ ಸೇರಿದೆ. ಗೆದ್ದಲಿಗಾದರೂ ಹೆಸರಿದೆ. ನಾನು ಇತ್ಯಾದಿ!